ಕೀಪರ್‌ನನ್ನು ಬಯ್ಯುವುದು ಸಾಕು: ನಮ್ಮ ಕಾಲೇಜು ಫುಟ್‌ಬಾಲ್ ತಂಡ ಈ ಸಲ ಯಾಕೆ ಹೀಗೆ ಸೋತಿತು?

ಎಡಗಾಲು

ಅಂತರ ಕಾಲೇಜು ಪಂದ್ಯಗಳು ಮುಗಿದವು. ನಮ್ಮ ಹುಡುಗರು ಒಂದೂ ಗೆಲ್ಲಲಿಲ್ಲ. ಒಂದು ಡ್ರಾ ಆಯಿತು, ಅದೂ ಎದುರಿನವರು ಪೆನಲ್ಟಿಯನ್ನು ಕಂಬದ ಮೇಲಿಂದ ಹಾರಿಸಿದ್ದರಿಂದ. ಮಳೆಗಾಲದ ಲೋಕಲ್ ಟೂರ್ನಿಗಳನ್ನೂ ಸೇರಿಸಿದರೆ ಲೆಕ್ಕ ಇನ್ನೂ ಕೆಡುತ್ತದೆ, ಬಿಡಿ.

ಸೋಲಿಗಿಂತ ಜಾಸ್ತಿ ಬೇಜಾರಾಗಿದ್ದು ವಾಟ್ಸಾಪ್ ಗುಂಪುಗಳನ್ನು ನೋಡಿ. ಎಲ್ಲರೂ ಸೇರಿ ಕೀಪರ್ ಮೇಲೆ ಬಿದ್ದಿದ್ದಾರೆ. ಚೆಂಡು ಅವನ ಕೈಯಿಂದ ಜಾರಿದ ಒಂದು ತುಂಡು ವಿಡಿಯೋಗೆ ಹಾಡು ಸೇರಿಸಿ ಹಂಚುತ್ತಿದ್ದಾರೆ. ಹಂಚಿದವರಲ್ಲಿ ನನ್ನ ಜೊತೆ ಆಡಿದವರೂ ಇದ್ದಾರೆ. ಅವರಿಗಾದರೂ ಗೊತ್ತಿರಬೇಕಿತ್ತು.

ನಾನು ನೋಡಿದ ಪಂದ್ಯಗಳಲ್ಲಿ ಗೋಲು ಯಾವಾಗ ಬಿತ್ತು, ಹೇಗೆ ಬಿತ್ತು ಅಂತ ಮೊಬೈಲಿನಲ್ಲಿ ಬರೆದಿಟ್ಟುಕೊಂಡಿದ್ದೆ. ಬಹುತೇಕ ಪಂದ್ಯಗಳಲ್ಲಿ ಅರ್ಧ ಆಟ ಮುಗಿದಾಗ ನಾವು ಸಮ ಇದ್ದೆವು, ಇಲ್ಲಾಂದ್ರೆ ಒಂದು ಗೋಲು ಹಿಂದೆ. ಮಿಕ್ಕಿದ್ದೆಲ್ಲ ಕೊನೆಯ ಹದಿನೈದು ಇಪ್ಪತ್ತು ನಿಮಿಷದಲ್ಲಿ ಬಿದ್ದಿದ್ದು. ಕೀಪರ್ ಕೈಯಿಂದ ಹೋಗಿದ್ದು ಅಂದರೆ ಆ ವಿಡಿಯೋದ ಗೋಲು ಒಂದೇ. ಉಳಿದವುಗಳಲ್ಲಿ ಹೊಡೆದವನು ಡಿ ಒಳಗೆ, ಅಂದರೆ ಗೋಲಿನ ಎದುರಿನ ಪೆನಲ್ಟಿ ಪ್ರದೇಶದಲ್ಲಿ, ಒಬ್ಬನೇ ನಿಂತಿದ್ದ, ಹತ್ತಿರ ನಮ್ಮವರು ಯಾರೂ ಇರಲಿಲ್ಲ. ಪೆನಲ್ಟಿ ಚುಕ್ಕೆ ಇರುವುದು ಗೋಲಿನಿಂದ 11 ಮೀಟರ್ ದೂರ. ಅಲ್ಲಿಂದ ಗಂಟೆಗೆ 72 ಕಿ.ಮೀ. ವೇಗದಲ್ಲಿ ಚೆಂಡು ಬಂದರೆ ಗೆರೆ ದಾಟಲು ಅರ್ಧ ಸೆಕೆಂಡಿನ ಮೇಲೆ ಚೂರು ಸಾಕು. ಕಂಬದಿಂದ ಕಂಬಕ್ಕೆ 7.32 ಮೀಟರ್, ಎತ್ತರ 2.44 ಮೀಟರ್. ಅಷ್ಟು ಜಾಗ ಕಾಯಲು ಅಂಗೈ ರಬ್ಬರ್ ಸುಲಿದುಹೋದ ಗ್ಲೌಸ್ ಹಾಕಿಕೊಂಡ ಹುಡುಗ. ಆ ಗ್ಲೌಸನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಬಲಗೈಯದರಲ್ಲಿ ಎರಡು ಬೆರಳಿನ ಹೊಲಿಗೆ ಬಿಟ್ಟು ಒಳಗಿನ ಬಟ್ಟೆ ಕಾಣುತ್ತಿತ್ತು, ಅದಕ್ಕೆ ಇನ್ಸುಲೇಷನ್ ಟೇಪ್ ಸುತ್ತಿದ್ದ. ಒದ್ದೆ ಚೆಂಡು ಟೇಪಿಗೆ ನಿಲ್ಲುತ್ತದಾ?

ನನ್ನ ಪ್ರಕಾರ ಈ ತಂಡ ಸೋತಿದ್ದು ಮೈದಾನಕ್ಕೆ ಇಳಿಯುವ ಮೊದಲೇ. ಹನ್ನೊಂದೂ ಜನ ಒಟ್ಟಿಗೆ ಆಡಿದ್ದು ಮೊದಲ ಪಂದ್ಯದ ದಿನ. ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಹಾಗಾಗಿ ಇಲ್ಲಿ ಬರೆದೆ. ಒಪ್ಪದವರು ಧಾರಾಳ ಬಯ್ಯಿರಿ, ಆದರೆ ಹುಡುಗರ ಹೆಸರು ಹಾಕಬೇಡಿ, ಕಾಲೇಜಿನ ಹೆಸರೂ ಬೇಡ.

ಹಳೇ ಬ್ಯಾಚ್

ಎಲ್ಲ ಸರಿ ಮಾರಾಯ್ರೆ, ಆದರೆ ನಮ್ಮ ಕಾಲದಲ್ಲಿ ಗ್ಲೌಸೇ ಇರಲಿಲ್ಲ. ಬರಿಗೈಯಲ್ಲಿ ಹಿಡಿಯುತ್ತಿದ್ದರು. ಬೂಟು ಇದ್ದವರು ತಂಡದಲ್ಲಿ ಮೂರೋ ನಾಲ್ಕೋ ಜನ. ಆದರೂ ಘಟ್ಟ ಹತ್ತಿ ಹೋಗಿ ಗೆದ್ದು ಬರುತ್ತಿದ್ದೆವು. ಈಗಿನವರಿಗೆ ಮೈಬಗ್ಗಿಸಿ ಓಡುವ ಮನಸ್ಸಿಲ್ಲ. ಸಂಜೆ ಕಾರವಾರದ ಟ್ಯಾಗೋರ್ ಬೀಚಿಗೆ ಹೋಗಿ ನೋಡಿ, ಹತ್ತು ಹುಡುಗರಲ್ಲಿ ಎಂಟು ಜನರ ಕೈಯಲ್ಲಿ ಮೊಬೈಲು.

ಮೂರನೇ ಬೆಂಚು

ಉಳಿದ ಇಬ್ಬರು ಅವರ ಫೋಟೋ ತೆಗೆಯುತ್ತಿರುತ್ತಾರೆ.

ಬೈತಖೋಲ ಬಂದರು

ಹಳೇ ಬ್ಯಾಚ್ ಅಣ್ಣ, ಓಡುವ ಮನಸ್ಸಿಲ್ಲ ಅನ್ನಬೇಡಿ. ನಮ್ಮ ವಾಡೆಯ ಇಬ್ಬರು ಆ ತಂಡದಲ್ಲಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಅಲ್ವಾ. ಆಗ ಇಬ್ಬರೂ ಮನೆಯಲ್ಲೇ ಇದ್ದರು. ದಿನಾ ಸಂಜೆ ಮರಳಲ್ಲಿ ಆಡುತ್ತಿದ್ದರು. ಮಳೆ ಬಂದರೂ ಬಿಡುತ್ತಿರಲಿಲ್ಲ. ಕಾಲೇಜಿನಿಂದ ಆಗ ಯಾರೂ ಕರೆಯಲಿಲ್ಲ. ಆಗಸ್ಟ್ ಬಂತು, ಬೋಟು ನೀರಿಗಿಳಿಯಿತು, ಬೆಳಗಿನ ಜಾವ ಬಂದರಿನಲ್ಲಿ ಮೀನು ಇಳಿಸುವ ಕೆಲಸ ಶುರುವಾಯಿತು. ಸರಿಯಾಗಿ ಆಗಲೇ ಕಾಲೇಜಿನಿಂದ ಫೋನು, ತಂಡದ ಆಯ್ಕೆ ಇದೆ, ಬನ್ನಿ ಅಂತ. ನಸುಕಿಗೆ ಎದ್ದು ಬುಟ್ಟಿ ಹೊತ್ತು, ಕ್ಲಾಸು ಮುಗಿಸಿ ಸಂಜೆ ನಾಲ್ಕಕ್ಕೆ ಮೈದಾನಕ್ಕೆ ಬಂದವನು ಕೊನೆಯ ಇಪ್ಪತ್ತು ನಿಮಿಷ ಎಲ್ಲಿಂದ ಓಡಬೇಕು ಹೇಳಿ?

ಎಡಗಾಲು

ಬೈತಖೋಲದವರು ಹೇಳಿದ್ದನ್ನೇ ನಾನು ಹೇಳಬೇಕೆಂದಿದ್ದೆ, ಅವರೇ ಚೆನ್ನಾಗಿ ಹೇಳಿದರು.

ಒಂದು ವಿಷಯ ಸೇರಿಸುತ್ತೇನೆ. ನಮ್ಮ ಕರಾವಳಿ ಹುಡುಗರ ಕಾಲು ಮರಳಲ್ಲಿ ಪಳಗಿದ್ದು. ಕೋಡಿಬಾಗ ಇರಲಿ, ಮಾಜಾಳಿ ಇರಲಿ, ಎಲ್ಲ ಕಡೆ ಹಾಗೇ. ಮರಳಲ್ಲಿ ಚೆಂಡು ಉರುಳುವುದಿಲ್ಲ, ಬಿದ್ದಲ್ಲೇ ಕೂರುತ್ತದೆ. ಹಾಗಾಗಿ ಚೆಂಡನ್ನು ಕಾಲ್ಬೆರಳಿಂದ ಎತ್ತಿ ಗಾಳಿಯಲ್ಲಿ ಆಡಿಸುವುದು ಸಣ್ಣವರಿದ್ದಾಗಲೇ ಬರುತ್ತದೆ. ಎದೆ ಮೇಲೆ ತಗೊಳ್ಳುವುದು, ಬೀಳುವ ಮೊದಲೇ ಹೊಡೆಯುವುದು, ಇದೆಲ್ಲ ನಮ್ಮವರಿಗೆ ನೀರು ಕುಡಿದಷ್ಟು ಸುಲಭ. ಬೀಚ್ ಸಾಕರ್ ಅಂತ ಅದಕ್ಕೆ ಬೇರೆಯೇ ಆಟ ಇದೆ. ಬರಿಗಾಲು, ಒಂದು ಕಡೆ ಐದು ಜನ, 12 ನಿಮಿಷದ ಮೂರು ಭಾಗ. ಆ ಆಟದಲ್ಲಿ ನಮ್ಮ ಹುಡುಗರನ್ನು ಇಳಿಸಿದ್ದರೆ ಇವತ್ತು ಬೇರೆ ಮಾತಾಡುತ್ತಿದ್ದೆವು.

ಹುಲ್ಲಿನ ಮೈದಾನದಲ್ಲಿ ಹಾಗಲ್ಲ. ಒದ್ದೆ ಹುಲ್ಲಿನ ಮೇಲೆ ಚೆಂಡು ಸರ್ರನೆ ಜಾರುತ್ತದೆ. ನಮ್ಮವನು ಮರಳಿನ ಲೆಕ್ಕದಲ್ಲಿ ನಿಂತು ಕಾಯುತ್ತಾನೆ, ಅಷ್ಟರಲ್ಲಿ ಎದುರಿನವನು ಮುಂದೆ ಬಂದು ಕಿತ್ತುಕೊಂಡಿರುತ್ತಾನೆ. ಐದು ಜನರ ಆಟದಲ್ಲಿ ಚೆಂಡು ಯಾವಾಗಲೂ ಹತ್ತಿರದಲ್ಲೇ ಇರುತ್ತದೆ. ಹನ್ನೊಂದು ಜನರ ಆಟದಲ್ಲಿ ಹೆಚ್ಚು ಹೊತ್ತು ಚೆಂಡಿಲ್ಲದೆ ಓಡಬೇಕು. ಯಾರು ಮುಂದೆ ಹೋದರೆ ಯಾರು ಹಿಂದೆ ನಿಲ್ಲಬೇಕು ಅನ್ನುವುದು ಹೇಳಿಕೊಟ್ಟು ಬರುವುದಲ್ಲ, ಜೊತೆಯಲ್ಲಿ ಆಡಿ ಆಡಿ ಬರಬೇಕು. ಮೈದಾನದ ನಡುವೆ ಆಡುವ ನಮ್ಮ ಇಬ್ಬರು ಹಾಫ್‌ಗಳೂ ಒಟ್ಟಿಗೇ ಮುಂದೆ ಹೋಗುತ್ತಿದ್ದರು. ಚೆಂಡು ಕಳೆದುಕೊಂಡರೆ ನಡುವೆ ಒಂದು ಬಸ್ಸು ತಿರುಗಿಸುವಷ್ಟು ಜಾಗ ಖಾಲಿ. ಅಲ್ಲಿಂದಲೇ ಹೆಚ್ಚಿನ ಗೋಲು ಬಂದಿದ್ದು.

ಈಗಿನ ತಂಡದವ

ಅಣ್ಣ, ನಾನು ತಂಡದಲ್ಲಿದ್ದೆ. ಎಲ್ಲಿ ಆಡುತ್ತೇನೆ ಅಂತ ಹೇಳುವುದಿಲ್ಲ, ಹೇಳಿದರೆ ನಾಳೆ ನನ್ನ ವಿಡಿಯೋನೂ ಬರುತ್ತದೆ.

ಇಬ್ಬರೂ ಹಾಫ್ ಒಟ್ಟಿಗೆ ಮುಂದೆ ಹೋಗುತ್ತಿದ್ದರು ಅನ್ನುವುದು ನಿಜ. ಆದರೆ ಅದರಲ್ಲಿ ಒಬ್ಬ ಹಾಫ್ ಅಲ್ಲವೇ ಅಲ್ಲ. ಅವನು ಬ್ಯಾಕ್, ಹಿಂದೆ ಗೋಲಿನ ಹತ್ತಿರ ಕಾಯುವವನು. ಆಡಬೇಕಿದ್ದವನಿಗೆ ಹಾಜರಾತಿ ಕಮ್ಮಿ ಇತ್ತು, ಆಂತರಿಕ ಪರೀಕ್ಷೆ ಬೇರೆ, ಕಳಿಸಲಿಲ್ಲ. ಹಾಜರಾತಿ 75 ಶೇಕಡಾ ಇರಬೇಕಲ್ಲ. ಆಟಕ್ಕೆ ಹೋದ ದಿನಗಳಿಗೆ ಹಾಜರಿ ಕೊಡುತ್ತೇವೆ ಅಂತ ಬಾಯಲ್ಲಿ ಹೇಳುತ್ತಾರೆ, ಆಮೇಲೆ ಒಬ್ಬೊಬ್ಬ ಮೇಷ್ಟರ ಹಿಂದೆ ಪತ್ರ ಹಿಡಿದುಕೊಂಡು ತಿರುಗಬೇಕು.

ಘಟ್ಟದ ಮೇಲಿನ ಪಂದ್ಯದ ಕಥೆ ಕೇಳಿ. ಹಿಂದಿನ ದಿನ ಹೋಗಿ ಉಳಿಯಲು ದುಡ್ಡಿಲ್ಲ ಅಂದರು. ಕಾರವಾರದಿಂದ ನಸುಕಿಗೆ ಟೆಂಪೋ. ಅಂಕೋಲಾ ದಾಟಿ ಅರಬೈಲ್ ಘಟ್ಟದ ತಿರುವುಗಳಲ್ಲಿ ಮೂರು ಜನ ವಾಂತಿ ಮಾಡಿದರು, ಅದರಲ್ಲಿ ನಮ್ಮ ಸ್ಟ್ರೈಕರ್ ಒಬ್ಬ. ಯಲ್ಲಾಪುರದಲ್ಲಿ ಇಡ್ಲಿ ತಿಂದೆವು, ಅವನು ಬರೀ ಸೋಡಾ ಕುಡಿದ. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ನಮ್ಮ ಪಂದ್ಯದ ಹೊತ್ತು ಆಗಿಬಿಟ್ಟಿತ್ತು. ವಾರ್ಮಪ್ ಅಂದರೆ ಟೆಂಪೋ ಇಳಿದು ಮೈದಾನದವರೆಗೆ ಓಡಿದ್ದು ಅಷ್ಟೇ. ಮೊದಲರ್ಧ ಒಂದೂ ಗೋಲು ಬಿಡಲಿಲ್ಲ ನಾವು, ಅದನ್ನು ಯಾರೂ ವಿಡಿಯೋ ಮಾಡಲಿಲ್ಲ.

ಕಾಣಕೋಣ ಗಡಿ

ಇದಕ್ಕೆಲ್ಲ ಒಂದೇ ಉತ್ತರ, ಗಡಿ ದಾಟಿ. ಕಾರವಾರದಿಂದ ಮಡಗಾಂವ್‌ಗೆ ರೈಲಿನಲ್ಲಿ ಒಂದು ತಾಸಿನ ಆಚೀಚೆ, ಹುಬ್ಬಳ್ಳಿಗೆ ನಾಲ್ಕು ತಾಸು. ಆಚೆ ಕಡೆ ಹತ್ತು ವರ್ಷದ ಮಗುವಿಗೂ ತಂಡ ಇದೆ, ತರಬೇತಿ ಇದೆ. ಗೋವಾದ ಡೆಂಪೋ ಕ್ಲಬ್ ಒಂದೇ ರಾಷ್ಟ್ರೀಯ ಲೀಗನ್ನು ಐದು ಸಲ ಗೆದ್ದಿದೆ. ನಮ್ಮ ಚೆನ್ನಾಗಿ ಆಡುವ ಹುಡುಗರು ಪಿಯುಸಿ ಮುಗಿಯುವ ಹೊತ್ತಿಗೆ ಅತ್ತ ಕಡೆ ಹೋಗಿರುತ್ತಾರೆ. ಉಳಿದವರನ್ನು ಕಟ್ಟಿಕೊಂಡು ಕಾಲೇಜು ಆಡುತ್ತದೆ. ಅದಕ್ಕೇ ಸೋಲು.

ಹಳೇ ಬ್ಯಾಚ್

ಗೋವಾ ಗೋವಾ ಅಂತ ಕುಣಿಯುವವರು 2019ರ ಮಾರ್ಚ್ 17 ನೆನಪಿಟ್ಟುಕೊಳ್ಳಿ. ಮುಂಬೈಯಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್. ಹೆಚ್ಚುವರಿ ಸಮಯದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟ. ಬೆಂಗಳೂರು 1, ಗೋವಾ 0.

ಕಾಣಕೋಣ ಗಡಿ

ನೆನಪಿದೆ ಸರ್. ಆವತ್ತು ನಮ್ಮ ಓಣಿಯಲ್ಲಿ ಅರ್ಧ ಜನ ಊಟ ಮಾಡಲಿಲ್ಲ, ಅರ್ಧ ಜನ ಪಟಾಕಿ ಹೊಡೆದರು. ಒಂದೇ ಮನೆಯಲ್ಲಿ ಎರಡೂ ನಡೆಯಿತು.

ಹಳೇ ಬ್ಯಾಚ್

ರಾಜ್ಯ ರಾಜ್ಯಗಳ ನಡುವೆ ನಡೆಯುವ ಸಂತೋಷ್ ಟ್ರೋಫಿ, 2023ರದ್ದನ್ನೂ ಹೇಳಿಬಿಡುತ್ತೇನೆ. ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಗೆದ್ದಿತು. 54 ವರ್ಷ ಆದಮೇಲೆ ಬಂದ ಕಪ್ಪು. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು ಅಂತಿತ್ತು. ಆ ತಂಡದಲ್ಲಿ ಕರಾವಳಿಯವರು ಎಷ್ಟು ಜನ ಅಂತ ಮಾತ್ರ ಕೇಳಬೇಡಿ, ಮತ್ತೆ ಜಗಳ ಶುರುವಾಗುತ್ತದೆ.

ಎಡಗಾಲು

ಗೋವಾ ಜಗಳಕ್ಕೆ ಬೇರೆ ಎಳೆ ತೆಗೆಯಿರಿ ಪ್ಲೀಸ್.

ಚೆನ್ನಾಗಿ ಆಡುವವರೆಲ್ಲ ಆಚೆ ಹೋಗುತ್ತಾರೆ ಅನ್ನುವುದು ಅರ್ಧ ನಿಜ. ಹೋಗುವವರು ಒಬ್ಬಿಬ್ಬರು. ಹೋಗಲಿ, ಅವರ ಹೊಟ್ಟೆಪಾಡು. ಅಷ್ಟಕ್ಕೇ ತಂಡ ಹೀಗೆ ಕುಸಿಯಬಾರದು. ನಮ್ಮನ್ನು ಸೋಲಿಸಿದ ತಂಡಗಳಲ್ಲೂ ಅಂಥ ಮಹಾ ಆಟಗಾರರು ಯಾರೂ ಇರಲಿಲ್ಲ. ಅವರ ಬ್ಯಾಕ್‌ಗಳು ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದರು, "ಹಿಂದೆ ಇದ್ದಾನೆ", "ಬಿಡು, ನಂದು" ಅಂತ. ನಮ್ಮವರು ಮಾತೇ ಆಡುತ್ತಿರಲಿಲ್ಲ. ಒಬ್ಬನ ಮೇಲೊಬ್ಬ ಕೂಗಿಕೊಳ್ಳುವಷ್ಟು ಪರಿಚಯವೇ ಆಗಿರಲಿಲ್ಲ ಅವರಿಗೆ. ಮೊದಲ ವರ್ಷದವನು ಮೂರನೇ ವರ್ಷದವನಿಗೆ "ಹಿಂದೆ ಬಾ" ಅನ್ನಲು ಹೆದರುತ್ತಾನೆ. "ಅಣ್ಣ, ಸ್ವಲ್ಪ ಹಿಂದೆ ಬರ್ತೀರಾ" ಅನ್ನುವಷ್ಟರಲ್ಲಿ ಗೋಲು ಆಗಿರುತ್ತದೆ.

ಮೂರನೇ ಬೆಂಚು

ಇದು ನೂರಕ್ಕೆ ನೂರು ನಿಜ. ನಾನೇ ಕೇಳಿದ್ದೇನೆ, "ಸಾರಿ ಅಣ್ಣ, ಪಾಸ್ ಕೊಡ್ತೀರಾ?" ಅಂತ.

ಘಟ್ಟದ ಮೇಲೆ

ಶಿರಸಿಯಿಂದ ಬರೆಯುತ್ತಿದ್ದೇನೆ. ನೀವು ಸೋತೆವು ಅಂತ ಅಳುತ್ತೀರಿ, ನಮ್ಮ ಕಡೆ ತಂಡ ಕಟ್ಟುವುದೇ ದೊಡ್ಡ ಕೆಲಸ ಮಾರಾಯ್ರೆ. ಇಲ್ಲಿ ವಾಲಿಬಾಲ್, ಕಬಡ್ಡಿ, ಕ್ರಿಕೆಟ್ ಆದಮೇಲೆ ಉಳಿದವರು ಫುಟ್‌ಬಾಲ್. ನಮ್ಮ ಕಾಲೇಜಿನಲ್ಲಿ ಕೀಪರ್ ಆಗಿದ್ದವನು ವಾಲಿಬಾಲ್ ಹುಡುಗ. ಎತ್ತರ ಇದ್ದಾನೆ, ಜಿಗಿಯುತ್ತಾನೆ ಅಂತ ನಿಲ್ಲಿಸಿದರು. ಪಾಪ, ಚೆಂಡು ಬಂದಾಗಲೆಲ್ಲ ಎರಡೂ ಕೈಯಿಂದ ಮೇಲಕ್ಕೆ ಎತ್ತಿ ಕೊಡುತ್ತಿದ್ದ, ಹೊಡೆಯುವವನಿಗೆ ಅನುಕೂಲ ಆಗುವ ಹಾಗೆ.

ಮೈದಾನ ಚಿರೆಕಲ್ಲಿನ ಕೆಂಪು ನೆಲ. ಒಣಗಿದರೆ ಮೊಣಕಾಲು ಸಿಪ್ಪೆ ಏಳುತ್ತದೆ, ಮಳೆ ಬಂದರೆ ಜಾರುಬಂಡೆ. ಸ್ಲೈಡಿಂಗ್ ಟ್ಯಾಕಲ್ ಅಂತ ನೆಲದ ಮೇಲೆ ಜಾರಿ ಚೆಂಡು ಕಿತ್ತುಕೊಳ್ಳಲು ಹೋದವನು ವಾರಗಟ್ಟಲೆ ಮಗುಚಿ ಮಲಗಬೇಕು. ಹಾಗಾಗಿ ನಿಮ್ಮ ಮರಳಿನ ಮಾತು ನನಗೆ ಅರ್ಥವಾಯಿತು. ನೆಲ ಹೇಗಿರುತ್ತದೋ ಆಟ ಹಾಗಿರುತ್ತದೆ.

ಒಂದು ಪ್ರಶ್ನೆ. ಎದುರಿನವರು ಹೊಡೆದು ಗೋಲಿನ ಪಕ್ಕ ಹೊರಗೆ ಹೋದ ಚೆಂಡನ್ನು ಮತ್ತೆ ಆಟಕ್ಕೆ ತರುವ ಗೋಲ್ ಕಿಕ್ಕನ್ನು ನಿಮ್ಮ ಹುಡುಗರು ಯಾಕೆ ಹತ್ತಿರದವನಿಗೇ ತಳ್ಳುತ್ತಿದ್ದರು? ನಾನು ಒಂದು ಪಂದ್ಯ ನೋಡಿದೆ. ಎರಡು ಗೋಲು ಅದರಿಂದಲೇ ಹೋಯಿತು.

ಎಡಗಾಲು

ಅಬ್ಬಾ, ಕೊನೆಗೂ ಒಬ್ಬರು ಕೇಳಿದರು! ಇದನ್ನು ಬರೆಯಲು ಕೈ ತುರಿಸುತ್ತಿತ್ತು.

ಮೊದಲು ನಿಯಮ ಏನಿತ್ತು ಅಂದರೆ, ಗೋಲ್ ಕಿಕ್ ಹೊಡೆದಾಗ ಚೆಂಡು ಪೆನಲ್ಟಿ ಪ್ರದೇಶ ದಾಟಿ ಹೊರಗೆ ಬಂದಮೇಲೆಯೇ ಬೇರೆಯವರು ಮುಟ್ಟಬೇಕು. 2019ರಲ್ಲಿ ಅದನ್ನು ಬದಲಾಯಿಸಿದರು. ಈಗ ಡಿ ಒಳಗೇ ನಮ್ಮವನೊಬ್ಬ ನಿಂತು ಚೆಂಡು ತಗೊಳ್ಳಬಹುದು, ಎದುರಿನವರು ಮಾತ್ರ ಕಿಕ್ ಆಗುವ ತನಕ ಹೊರಗಿರಬೇಕು. ಆವತ್ತಿನಿಂದ ಟಿವಿಯಲ್ಲಿ ನೋಡುವ ದೊಡ್ಡ ತಂಡಗಳೆಲ್ಲ ಕೀಪರ್‌ನಿಂದಲೇ ಸಣ್ಣ ಸಣ್ಣ ಪಾಸು ಆಡುತ್ತಾ ಬರುತ್ತವೆ. ನೋಡಲು ಚೆಂದ. ಎದುರಿನವರನ್ನು ಹತ್ತಿರ ಕರೆಸಿಕೊಂಡು ಅವರ ಹಿಂದಿನ ಖಾಲಿ ಜಾಗಕ್ಕೆ ಚೆಂಡು ಕಳಿಸುವ ಉಪಾಯ ಅದು.

ಆದರೆ ಅದು ನಡೆಯುವುದು ಬಿಲಿಯರ್ಡ್ಸ್ ಮೇಜಿನಂಥ ಹುಲ್ಲಿನ ಮೇಲೆ. ನಮ್ಮ ಕಡೆ ವರ್ಷಕ್ಕೆ 3000 ಮಿ.ಮೀ.ಗೂ ಮೇಲೆ ಮಳೆ. ಗೋಲಿನ ಎದುರು ಎಲ್ಲರೂ ತುಳಿದು ತುಳಿದು ಹುಲ್ಲು ಹೋಗಿ ಬರೀ ಕೆಸರು. ಕೀಪರ್ ಪಕ್ಕದ ಬ್ಯಾಕ್‌ಗೆ ಚೆಂಡು ತಳ್ಳುತ್ತಾನೆ, ಅದು ಅರ್ಧ ದಾರಿಯಲ್ಲಿ ನೀರಿನ ಹೊಂಡದಲ್ಲಿ ನಿಲ್ಲುತ್ತದೆ. ಬ್ಯಾಕ್ ಮುಂದೆ ಓಡಿ ಬರುತ್ತಾನೆ, ಎದುರಿನ ಫಾರ್ವರ್ಡೂ ಓಡಿ ಬರುತ್ತಾನೆ. ನಮ್ಮವನ ಬೂಟಿನ ಸ್ಟಡ್ ಸವೆದು ಚಪ್ಪಟೆ, ಅವನು ಜಾರುತ್ತಾನೆ. ಕೀಪರ್ ಕೈಯಿಂದ ಎತ್ತಿಕೊಳ್ಳುವ ಹಾಗೂ ಇಲ್ಲ. ತನ್ನವನು ಬೇಕೆಂದೇ ಕಾಲಿನಿಂದ ಹಿಂದೆ ಕೊಟ್ಟ ಚೆಂಡನ್ನು ಕೈಯಲ್ಲಿ ಹಿಡಿಯಬಾರದು ಅಂತ 1992ರಲ್ಲೇ ನಿಯಮ ಬಂದಿದೆ. ಇಷ್ಟೆಲ್ಲ ಕಷ್ಟ ತಲೆಮೇಲೆ ಎಳೆದುಕೊಳ್ಳುವ ಬದಲು ಜಾಡಿಸಿ ದೂರ ಹೊಡೆದರೆ ಆಗುತ್ತಿತ್ತು. ಗೋಲ್ ಕಿಕ್‌ನಿಂದ ನೇರ ಬಂದ ಚೆಂಡಿಗೆ, ಎದುರಿನ ಬ್ಯಾಕ್‌ಗಳನ್ನು ದಾಟಿ ನಿಂತರೆ ತಪ್ಪು ಅನ್ನುವ ಆಫ್‌ಸೈಡ್ ಬೇರೆ ಇಲ್ಲ. ನಮ್ಮ ಸ್ಟ್ರೈಕರ್‌ನನ್ನು ಅವರ ಬ್ಯಾಕ್‌ಗಳ ಹಿಂದೆಯೇ ನಿಲ್ಲಿಸಬಹುದಿತ್ತು. ಗಾಳಿಯಲ್ಲಿ ಬಂದ ಚೆಂಡನ್ನು ಎದೆ ಮೇಲೆ ಇಳಿಸಿಕೊಳ್ಳುವುದರಲ್ಲಿ ಅವನಂಥವನು ಇಡೀ ಟೂರ್ನಿಯಲ್ಲಿ ಇರಲಿಲ್ಲ. ಮರಳಲ್ಲಿ ಕಲಿತಿದ್ದು ಅದನ್ನೇ ಅಲ್ವಾ! ನಮ್ಮ ಕೈಲಿದ್ದ ಒಳ್ಳೆ ಅಸ್ತ್ರ ಬಿಟ್ಟು ಟಿವಿಯವರ ಅಸ್ತ್ರ ಹಿಡಿದೆವು.

ಈಗಿನ ತಂಡದವ

ಎಡಗಾಲು ಅಣ್ಣ, ಇದನ್ನು ಒಪ್ಪುವುದಿಲ್ಲ. ದೂರ ಹೊಡೆದರೆ ಹತ್ತರಲ್ಲಿ ಎಂಟು ಸಲ ಚೆಂಡು ಅವರಿಗೇ ಸಿಗುತ್ತಿತ್ತು. ಸ್ಟ್ರೈಕರ್ ಎದೆ ಮೇಲೆ ಇಳಿಸಿಕೊಂಡರೂ ಅವನ ಹತ್ತಿರ ನಾವು ಯಾರೂ ತಲುಪುತ್ತಿರಲಿಲ್ಲ. ಸುಮ್ನೆ ಓಡಿ ಓಡಿ ಸಾಯಬೇಕು. ಸಣ್ಣ ಪಾಸ್ ಆಡೋಣ, ಉಸಿರಾದರೂ ಉಳಿಯುತ್ತದೆ ಅಂತ ನಾವೇ ಮಾತಾಡಿಕೊಂಡಿದ್ದು. ಪಿ.ಟಿ. ಸರ್ ಬೇಡ ಅಂದಿದ್ದರು. ಆ ವಿಷಯದಲ್ಲಿ ಅವರನ್ನು ಬಯ್ಯಬೇಡಿ.

ಎಡಗಾಲು

ಪಿ.ಟಿ. ಸರ್‌ನ ನಾನು ಎಲ್ಲೂ ಬಯ್ದಿಲ್ಲ ತಮ್ಮಾ. ಅವರೊಬ್ಬರೇ ಅಥ್ಲೆಟಿಕ್ಸ್, ಕಬಡ್ಡಿ, ವಾಲಿಬಾಲ್, ಚೆಸ್ ಎಲ್ಲ ನೋಡಬೇಕು, ಮೇಲೆ ಎನ್‌ಎಸ್‌ಎಸ್ ಕ್ಯಾಂಪು ಬಂದರೆ ಅಲ್ಲೂ ನಿಲ್ಲಬೇಕು. ಸ್ಟ್ರೈಕರ್ ಹತ್ತಿರ ಯಾರೂ ತಲುಪುತ್ತಿರಲಿಲ್ಲ ಅಂದೆಯಲ್ಲ, ನಾನು ಹೇಳುತ್ತಿರುವುದೂ ಅದೇ. ಚೆಂಡು ಎಲ್ಲಿ ಬೀಳುತ್ತದೆ, ಅದರ ಸುತ್ತ ಯಾರು ಇರಬೇಕು ಅಂತ ಮೊದಲೇ ಆಡಿ ಗೊತ್ತಿದ್ದರೆ ತಲುಪುತ್ತಿದ್ದಿರಿ. ಕೆಸರಲ್ಲಿ ಪಂದ್ಯ ಗೆಲ್ಲುವುದು ಎರಡನೇ ಚೆಂಡಿನಲ್ಲಿ. ಮೊದಲು ತಲೆಗೆ ಬಡಿದು ಸಿಡಿದು ಬೀಳುತ್ತದಲ್ಲ, ಅದನ್ನು ಯಾರು ಹೆಕ್ಕುತ್ತಾರೋ ಅವರದ್ದು ಆಟ.

ದೂರದೂರು

ಹೊನ್ನಾವರದವನು, ಈಗ ಅಮೆರಿಕದ ಟೆಕ್ಸಾಸ್‌ನಲ್ಲಿ ಇದ್ದೇನೆ. ಇಲ್ಲಿ ಕಾಲೇಜು ಫುಟ್‌ಬಾಲ್ ಅಂದರೆ ಬೇರೆ ಆಟ, ಕೈಯಲ್ಲಿ ಹಿಡಿದುಕೊಂಡು ಓಡುವುದು. ಆದರೆ ಸೋಲಿನ ವಿಷಯದಲ್ಲಿ ಇವರ ಹತ್ತಿರ ಒಂದು ದಾಖಲೆ ಇದೆ. ಪ್ರೇರಿ ವ್ಯೂ ಅಂತ ಇಲ್ಲಿಯ ಒಂದು ವಿಶ್ವವಿದ್ಯಾಲಯದ ತಂಡ 1989ರಿಂದ 1998ರವರೆಗೆ ಸತತ 80 ಪಂದ್ಯ ಸೋತಿತ್ತು. ಎಂಬತ್ತು! ನಡುವೆ ದುಡ್ಡಿಲ್ಲ ಅಂತ ಒಂದು ವರ್ಷ ತಂಡವನ್ನೇ ನಿಲ್ಲಿಸಿದ್ದರು. ಮತ್ತೆ ಶುರು ಮಾಡಿದಾಗ ಆಟಗಾರರಿಗೆ ಸ್ಕಾಲರ್‌ಶಿಪ್ ಇರಲಿಲ್ಲ. ಎದುರಿನ ತಂಡಗಳಿಗೆ ಇತ್ತು. ಕೊನೆಗೆ 1998ರ ಸೆಪ್ಟೆಂಬರ್‌ನಲ್ಲಿ ಲ್ಯಾಂಗ್‌ಸ್ಟನ್ ಅನ್ನುವ ತಂಡವನ್ನು 14-12ರಿಂದ ಗೆದ್ದರು. ಅಷ್ಟೂ ವರ್ಷ ಆ ತಂಡಕ್ಕೆ ಹುಡುಗರು ಸೇರುತ್ತಲೇ ಇದ್ದರು ಅನ್ನುವುದು ನನಗೆ ಆಶ್ಚರ್ಯ. ನಮ್ಮಲ್ಲಾದರೆ ಎರಡು ವರ್ಷ ಸೋತರೆ ತಂಡವನ್ನೇ ಮುಚ್ಚಿಬಿಡುತ್ತಾರೆ.

ಇಂಗ್ಲೆಂಡಿನ ನಿಜವಾದ ಫುಟ್‌ಬಾಲ್ ಬೇಕು ಅನ್ನುವವರಿಗೆ ಡರ್ಬಿ ಕೌಂಟಿ ಇದೆ. 2007-08ರಲ್ಲಿ ಪ್ರೀಮಿಯರ್ ಲೀಗಿನ 38 ಪಂದ್ಯಗಳಲ್ಲಿ ಗೆದ್ದಿದ್ದು ಒಂದು. ಒಟ್ಟು 11 ಅಂಕ. ಬಿಟ್ಟಿದ್ದು 89 ಗೋಲು.

ಮೂರನೇ ಬೆಂಚು

ಅವರ ಕೀಪರ್‌ಗೂ ಹಾಡು ಹಾಕಿದ್ದರಾ?

ಎಡಗಾಲು

ದೂರದೂರು ಅವರು ಸೋತವರ ದೊಡ್ಡ ಪಟ್ಟಿ ಕೊಟ್ಟರು, ಇದರಿಂದ ನಮ್ಮ ಹುಡುಗರಿಗೆ ಸಮಾಧಾನ ಆಗುವುದಾದರೆ ಆಗಲಿ. ನನಗೆ ಅದರಲ್ಲಿ ಹಿಡಿಸಿದ್ದು ಸ್ಕಾಲರ್‌ಶಿಪ್ ಮಾತು. ಎದುರಿನವರಿಗೆ ಕೊಟ್ಟಿದ್ದನ್ನು ಇವರಿಗೆ ಕೊಡದೆ ಆಡಲು ಕಳಿಸಿದರು. ಇಲ್ಲಿ ಒಂದು ರಾತ್ರಿ ಹುಬ್ಬಳ್ಳಿಯಲ್ಲಿ ಉಳಿಯುವ ಖರ್ಚು, ಹದಿನೆಂಟು ಹುಡುಗರಿಗೆ, ಎಷ್ಟಾಗುತ್ತಿತ್ತು? ವಾರ್ಷಿಕೋತ್ಸವದ ಶಾಮಿಯಾನಕ್ಕಿಂತ ಕಮ್ಮಿ.

ಕೀಪರ್ ಅಕ್ಕ

ನಾನು ಬರೆಯಬಾರದು ಅಂದುಕೊಂಡಿದ್ದೆ. ನೀವೆಲ್ಲ ಯಾರ ಬಗ್ಗೆ ಮಾತಾಡುತ್ತಿದ್ದೀರೋ ಅವನು ನನ್ನ ತಮ್ಮ.

ವಿಡಿಯೋ ನಮ್ಮ ಅಮ್ಮನ ಫೋನಿಗೂ ಬಂತು. ಮೊದಲಿಗೆ ಅಮ್ಮನಿಗೆ ಅದು ಅವನೇ ಅಂತ ಗೊತ್ತಾಗಲಿಲ್ಲ, ನಕ್ಕಳು. ಆಮೇಲೆ ಗೊತ್ತಾಯಿತು. ಅವನು ಕಾಲೇಜಿಗೆ ಹೋಗುತ್ತಿದ್ದಾನೆ, ಊಟ ಮಾಡುತ್ತಿದ್ದಾನೆ, ಹಾಗೇನೂ ದೊಡ್ಡ ಕಥೆ ಇಲ್ಲ. ಆದರೆ ಬೂಟನ್ನು ಹೊರಗಿನ ಜಗುಲಿಯಿಂದ ತೆಗೆದು ಅಟ್ಟಕ್ಕೆ ಹಾಕಿದ್ದಾನೆ. ಮುಂದಿನ ವರ್ಷ ಆಡುವುದಿಲ್ಲವಂತೆ.

ಗ್ಲೌಸಿನ ವಿಷಯ ಬರೆದ ಅಣ್ಣನಿಗೆ ಥ್ಯಾಂಕ್ಸ್. ಆ ಗ್ಲೌಸ್ ಅವನಿಗೆ ಹಿಂದಿನ ಕೀಪರ್ ಬಿಟ್ಟು ಹೋಗಿದ್ದು. ಒದ್ದೆ ಮಾಡಿ ಹಾಕಿಕೊಂಡರೆ ಹಿಡಿತ ಬರುತ್ತದೆ ಅಂತ ಯಾರೋ ಹೇಳಿದ್ದರು. ರಬ್ಬರ್ ಇದ್ದರೆ ತಾನೇ ಬರುವುದು. ಹೊಸದು ತಗೋ ಅಂತ ನಾನು ದುಡ್ಡು ಕೊಟ್ಟೆ, ಅದರಲ್ಲಿ ಟೆಂಪೋ ಬಾಡಿಗೆಯ ಪಾಲು ಕೊಟ್ಟನಂತೆ.

ಇನ್ನೊಂದು ಮಾತು. ನಾನೂ ಹೈಸ್ಕೂಲಿನವರೆಗೆ ಆಡಿದವಳು. ಅವನಿಗೆ ಗೋಲಿನಲ್ಲಿ ನಿಲ್ಲುವುದು ಕಲಿಸಿದ್ದೇ ನಾನು, ಮರಳಲ್ಲಿ ಎರಡು ಚಪ್ಪಲಿ ಇಟ್ಟು. ಕಾಲೇಜಿಗೆ ಬಂದಮೇಲೆ ಹುಡುಗಿಯರ ತಂಡ ಇಲ್ಲ ಅಂದರು, ಮುಗಿಯಿತು. ಸೋಲಲು ಕೂಡ ಒಂದು ತಂಡ ಬೇಕಲ್ಲ.

ಹಳೇ ಬ್ಯಾಚ್

ತಂಗಿ, ನಾನು ಆ ವಿಡಿಯೋ ಮೂರು ಗುಂಪಿನಲ್ಲಿ ನೋಡಿದೆ. ಇನ್ನು ಹಂಚಬೇಡಿ ಅಂತ ಮೂರರಲ್ಲೂ ಈಗ ಬರೆದೆ. ಒಂದು ಗುಂಪಿನಿಂದ ನನ್ನನ್ನೇ ತೆಗೆದುಹಾಕಿದರು, ಹೋಗಲಿ. ತಮ್ಮನ ಕೈ ಅಳತೆ ಹೇಳು. ಅಂಗೈ ಸುತ್ತಳತೆ ಅಳೆದರೆ ಸಾಕು, ಹೆಬ್ಬೆರಳು ಬಿಟ್ಟು. ಗ್ಲೌಸ್ ನಾನು ತರಿಸುತ್ತೇನೆ.

ಕೀಪರ್ ಅಕ್ಕ

ಬೇಡ ಅಣ್ಣ, ಅವನಿಗೆ ದಾನ ಅಂದರೆ ಇನ್ನೂ ಸಿಟ್ಟು ಬರುತ್ತದೆ. ತಂಡದ ಕಿಟ್‌ಗೆ ಅಂತ ಕೊಡುವುದಾದರೆ ಕೊಡಿ. ಯಾರು ಕೀಪರ್ ಆದರೂ ಹಾಕಿಕೊಳ್ಳಲಿ.

ಘಟ್ಟದ ಮೇಲೆ

ಇದು ಒಳ್ಳೆ ಮಾತು. ಸರಿ, ಮುಂದಿನ ವರ್ಷಕ್ಕೆ ಏನು ಮಾಡುತ್ತೀರಿ? ಬರೀ ಇಲ್ಲಿ ಬರೆದುಕೊಂಡು ಕೂರುವುದಾ?

ಎಡಗಾಲು

ನನ್ನ ತಲೆಯಲ್ಲಿ ಇರುವುದು ಇಷ್ಟೇ. ಬೋಟು ನಿಂತ ದಿನದಿಂದ ಅಭ್ಯಾಸ ಶುರು. ಜೂನ್, ಜುಲೈ ಎರಡು ತಿಂಗಳು ಬಂದರಿನ ಹುಡುಗರು ಊರಲ್ಲೇ ಇರುತ್ತಾರೆ. ಆ ಹೊತ್ತು ಬಿಟ್ಟು ಆಗಸ್ಟ್‌ನಲ್ಲಿ ಆಯ್ಕೆ ಇಟ್ಟುಕೊಳ್ಳುವುದಕ್ಕೆ ಅರ್ಥವೇ ಇಲ್ಲ. ಹೊಸದಾಗಿ ಸೇರುವ ಮೊದಲ ವರ್ಷದವರು ಆಗ ಪೂರ್ತಿ ಬಂದಿರುವುದಿಲ್ಲ, ಗೊತ್ತು. ಎರಡನೇ, ಮೂರನೇ ವರ್ಷದವರು ಇದ್ದಾರಲ್ಲ. ಅವರಲ್ಲಿ ಎಂಟು ಜನ ಒಟ್ಟಿಗೆ ಆಡಿ ಪಳಗಿದ್ದರೆ ಉಳಿದ ಮೂವರನ್ನು ಆಮೇಲೆ ಸೇರಿಸಿಕೊಳ್ಳಬಹುದು.

ಮಳೆಗೆ ಮೈದಾನ ಸಿಗದಿದ್ದರೆ ಇಳಿತದ ಹೊತ್ತಿಗೆ ಮರಳಿಗೇ ಹೋಗೋಣ. ನೀರು ಹಿಂದೆ ಸರಿದಾಗ ಅಂಚಿನ ಒದ್ದೆ ಮರಳು ಗಟ್ಟಿ ಇರುತ್ತದೆ, ಚೆಂಡು ಅಲ್ಲಿ ಉರುಳುತ್ತದೆ. ಮೇಲಿನ ಒಣ ಮರಳಲ್ಲಿ ಆಡಬೇಡಿ, ಅದು ನಮ್ಮ ಹಳೇ ಚಾಳಿ. ಸಮುದ್ರ ಜೋರಿದ್ದ ದಿನ ನೀರಿನ ಹತ್ತಿರ ಹೋಗುವುದೇ ಬೇಡ. ಶಾಲೆಯ ಶೆಡ್ ಕೇಳಿಕೊಂಡು ಬರೀ ನಿಲ್ಲುವ ಜಾಗ ನಡೆದು ನಡೆದು ಕಲಿಯಬಹುದು. ತಮಾಷೆ ಅನಿಸಬಹುದು, ಆದರೆ ಚೆಂಡಿಲ್ಲದೆ ನಡೆದು ಕಲಿತರೂ ಆ ಇಬ್ಬರು ಹಾಫ್‌ಗಳು ಒಟ್ಟಿಗೆ ಮುಂದೆ ಹೋಗುವುದು ನಿಲ್ಲುತ್ತದೆ.

ವಾರಕ್ಕೆ ಮೂರು ಸಂಜೆ ನಾನು ಬರುತ್ತೇನೆ. ಕೋಚ್ ಆಗಿ ಅಲ್ಲ, ಆ ಯೋಗ್ಯತೆ ನನಗಿಲ್ಲ, ಪಿ.ಟಿ. ಸರ್ ಜೊತೆ ಮಾತಾಡಿ ಅವರು ಹೇಳಿದ ಹಾಗೆ.

ಬೈತಖೋಲ ಬಂದರು

ನಮ್ಮ ಇಬ್ಬರನ್ನು ನಾನು ಕಳಿಸುತ್ತೇನೆ. ಆದರೆ ಆಗಸ್ಟ್ ಆದಮೇಲೆ ಪಂದ್ಯದ ಹಿಂದಿನ ದಿನ ಮತ್ತು ಪಂದ್ಯದ ದಿನ ಅವರಿಗೆ ಬಂದರಿನ ಕೆಲಸ ಬಿಡಿಸಬೇಕು ಅಂದರೆ ಆ ಎರಡು ದಿನದ ಕೂಲಿ ಯಾರಾದರೂ ಕೊಡಬೇಕು. ಮನೆಯಲ್ಲಿ ಅದನ್ನೇ ಮೊದಲು ಕೇಳುತ್ತಾರೆ. ನಾಚಿಕೆ ಬಿಟ್ಟು ಹೇಳಿದ್ದೇನೆ.

ಹಳೇ ಬ್ಯಾಚ್

ಇದರಲ್ಲಿ ನಾಚಿಕೆ ಎಂಥದು. ಹಳೆ ವಿದ್ಯಾರ್ಥಿಗಳ ಗುಂಪಿನಲ್ಲಿ ಕೇಳುತ್ತೇನೆ. ಸನ್ಮಾನಕ್ಕೆ ಶಾಲು ಹಾರ ಅಂತ ಪ್ರತಿವರ್ಷ ಒಟ್ಟು ಮಾಡುತ್ತೇವಲ್ಲ, ಒಂದು ವರ್ಷ ಹಾರ ಬೇಡ ಅನ್ನೋಣ.

ಕಾಣಕೋಣ ಗಡಿ

ಜುಲೈನಲ್ಲಿ ಆಚೆ ಕಡೆಯ ಒಂದು ಹುಡುಗರ ತಂಡವನ್ನು ಅಭ್ಯಾಸ ಪಂದ್ಯಕ್ಕೆ ಕರೆಸುವ ಪ್ರಯತ್ನ ಮಾಡುತ್ತೇನೆ. ಮೊದಲ ಸಲ ಚೆನ್ನಾಗಿ ಹೊಡೆಸಿಕೊಳ್ಳುತ್ತೀರಿ, ಈಗಲೇ ಹೇಳಿರುತ್ತೇನೆ. ವಿಡಿಯೋ ಮಾಡುವವರು ಪೂರ್ತಿ ಪಂದ್ಯ ಮಾಡಿ, ತುಂಡು ಬೇಡ.

ಈಗಿನ ತಂಡದವ

ಅಣ್ಣ, ಜೂನ್‌ನಲ್ಲಿ ನಮಗೆ ಸೆಮಿಸ್ಟರ್ ಪರೀಕ್ಷೆ ಬಂದರೂ ಬಂತು. ಬೆಳಿಗ್ಗೆ ಆಗುವುದಿಲ್ಲ, ಸಂಜೆ ಐದರ ಮೇಲೆ ಆದರೆ ಬರುತ್ತೇವೆ. ತಂಡದ ಗುಂಪಿನಲ್ಲಿ ಕೇಳಿದೆ, ಒಂಬತ್ತು ಜನ ಹೂಂ ಅಂದಿದ್ದಾರೆ. ಒಬ್ಬ ಇನ್ನೂ ಉತ್ತರ ಕೊಟ್ಟಿಲ್ಲ, ಅವನ ಮನೆಗೆ ಭಾನುವಾರ ನಾವು ನಾಲ್ಕು ಜನ ಹೋಗುತ್ತೇವೆ, ಅಕ್ಕ ಮನೆಯಲ್ಲಿರಿ.

ಚೆಂಡು ಎರಡಿವೆ, ಒಂದು ಮೊಟ್ಟೆ ಆಕಾರಕ್ಕೆ ಬಂದಿದೆ. ಪಂಪಿನ ಸೂಜಿ ಮುರಿದುಹೋಗಿದೆ, ಯಾರಾದರೂ ತಂದುಕೊಡಿ. ಗೋಲ್ ಕಿಕ್ ವಿಷಯ ಮಾತ್ರ ನಾನು ಇನ್ನೂ ಒಪ್ಪಿಲ್ಲ. ಒಣ ಮೈದಾನದಲ್ಲಿ ಸಣ್ಣ ಪಾಸೇ ಆಡುವುದು.

ಎಡಗಾಲು

ಒಣ ಮೈದಾನ ಸಿಕ್ಕಿದ ದಿನ ಆಡು ತಮ್ಮಾ, ನಾನೇ ಚಪ್ಪಾಳೆ ಹೊಡೆಯುತ್ತೇನೆ. ಸೂಜಿ ನಾನು ತರುತ್ತೇನೆ, ಪಂಪು ದಪ್ಪ ಬಾಯಿಯದ್ದಾ, ಸಣ್ಣದಾ?